ಕಾಡತೂಸು ತುಂಬುವ ಆಸೆ ಬಿಡಿ, ಪೆಲೆಟ್ ಆರಿಸುವುದನ್ನು ಕಲಿಯಿರಿ

ಬೆಳಗಾವಿ ಜಿಲ್ಲೆಯ ಮುಗಳಖೋಡ, ಹಾರೂಗೇರಿ, ರಾಯಬಾಗ ಕಡೆಯ ಪರವಾನಗಿದಾರರಿಗೆ ಹಳೆಯ ತೊಂದರೆಯೊಂದಿದೆ. ಹೊಲ ಕಾಯಲೆಂದೋ ಆತ್ಮರಕ್ಷಣೆಗೆಂದೋ ಪಡೆದ 12 ಬೋರಿನ ಬಂದೂಕು ಅಥವಾ .315 ರೈಫಲ್ ಮನೆಯಲ್ಲಿರುತ್ತದೆ, ಕಾಡತೂಸು ಮಾತ್ರ ಬೇಕೆಂದಾಗ ಸಿಗುವುದಿಲ್ಲ. ಮಾರುವ ಅಂಗಡಿ ದೂರದ ಊರಲ್ಲಿ, ಕೊಡುವುದು ಪರವಾನಗಿಯಲ್ಲಿ ಬರೆದಷ್ಟೇ, ಗುರಿ ಕಲಿಯಲೆಂದು ಹತ್ತಾರು ಬಾರಿ ಹೊಡೆಯೋಣವೆಂದರೆ ಖರ್ಚು ಕೈಗೆ ಎಟಕುವುದಿಲ್ಲ. ಇದರ ಜೊತೆಗೆ ಈಗ ಮೊಬೈಲಿನಲ್ಲಿ ಅಮೆರಿಕದ ಹವ್ಯಾಸಿಗಳು ಮನೆಯ ಮೇಜಿನ ಮೇಲೆ ತಮ್ಮ ರೈಫಲ್ ಕಾಡತೂಸನ್ನು ತಾವೇ ತುಂಬಿಕೊಳ್ಳುವ ವಿಡಿಯೊಗಳು ಬೇಕಾದಷ್ಟಿವೆ. ಖಾಲಿ ಹಿತ್ತಾಳೆ ಕೊಳವೆ, ಹೊಸ ಕೇಪು, ತೂಕ ಮಾಡಿದ ಮದ್ದು, ಮೇಲೊಂದು ಗುಂಡು. ನೋಡಿದವರಿಗೆ ಇದನ್ನು ನಾವೇಕೆ ಮಾಡಬಾರದು ಎನ್ನಿಸುವುದು ಸಹಜ. ಮಾಡಬಾರದು ಎಂಬುದಕ್ಕೆ ಗಟ್ಟಿ ಕಾರಣಗಳಿವೆ. ಅಷ್ಟಕ್ಕೇ ನಿಲ್ಲಿಸಿದರೆ ಅದು ಬರೀ ಎಚ್ಚರಿಕೆಯ ಫಲಕವಾಗುತ್ತದೆ. ಆ ಹವ್ಯಾಸಿಗಳು ಹುಡುಕುವುದು ಏನನ್ನು ಎಂದು ಬಿಡಿಸಿ ನೋಡಿದರೆ, ಅದೇ ವಸ್ತು ನಮ್ಮ ಕಾನೂನಿನೊಳಗೆ, ಸಣ್ಣ ಖರ್ಚಿನಲ್ಲಿ, 10 ಮೀಟರ್ ಉದ್ದದ ಪಡಸಾಲೆಯಲ್ಲಿ ಸಿಗುತ್ತದೆ ಎಂಬುದು ಈ ಲೇಖನದ ವಾದ.

ಕಾಡತೂಸಿನಲ್ಲಿ ಇರುವುದು ನಾಲ್ಕು ಭಾಗ: ಕೊಳವೆ, ಕೇಪು, ಮದ್ದು, ಗುಂಡು. 1860ರ ದಶಕದಲ್ಲಿ ಬಾಕ್ಸರ್ ಮತ್ತು ಬರ್ಡನ್ ಎಂಬಿಬ್ಬರ ಹೆಸರಿನ ಕೇಪುಗಳು ಬಂದ ಮೇಲೆ ಹಿತ್ತಾಳೆಯ ಕೊಳವೆಯನ್ನು ಮತ್ತೆ ಬಳಸುವುದು ಸಾಧ್ಯವಾಯಿತು. ಆಗ ಉಳಿತಾಯವೇ ಮುಖ್ಯವಾಗಿತ್ತು. ಇಂದು ಗುರಿಕಾರರು ಈ ಕೆಲಸಕ್ಕೆ ಕೂರುವುದು ಹೆಚ್ಚಾಗಿ ಬೇರೊಂದು ಕಾರಣಕ್ಕೆ. ಕೊಳವೆಗಳ ಉದ್ದ ಒಂದೇ ಇರಬೇಕು, ಮದ್ದಿನ ತೂಕ ಒಂದೇ ಇರಬೇಕು, ಗುಂಡು ಕೂರುವ ಆಳ ಒಂದೇ ಇರಬೇಕು ಎಂದು ಅವರು ಗಂಟೆಗಟ್ಟಲೆ ಅಳೆಯುತ್ತಾರೆ. ಪ್ರತಿ ಗುಂಡೂ ಹಿಂದಿನ ಗುಂಡಿನಂತೆಯೇ ಹೊರಟರೆ ಮಾತ್ರ ಒಂದೇ ಜಾಗಕ್ಕೆ ಬೀಳುತ್ತದೆ. ಹೆಚ್ಚು ಮದ್ದು ಹಾಕಿದರೆ ಗುರಿ ಚೆನ್ನಾಗುತ್ತದೆ ಎಂಬುದು ಹೊರಗಿನವರ ತಪ್ಪು ತಿಳಿವಳಿಕೆ. ಬಲ್ಲವರು ಮದ್ದಿನ ಪ್ರಮಾಣವನ್ನು ಏರಿಸಲು ಹೋಗುವುದಿಲ್ಲ, ಏರುಪೇರನ್ನು ಇಳಿಸಲು ನೋಡುತ್ತಾರೆ. ಆ ಹವ್ಯಾಸದ ಸಾರ ಇರುವುದು ಈ ಸಮಾನತೆಯಲ್ಲಿ, ಮದ್ದಿನಲ್ಲಲ್ಲ.

ಇನ್ನು ಕಾನೂನು. 1959ರ ಆಯುಧ ಕಾಯ್ದೆಯ 5ನೇ ಕಲಂ ಪ್ರಕಾರ ಪರವಾನಗಿ ಇಲ್ಲದೆ ಶಸ್ತ್ರವನ್ನಾಗಲಿ ಮದ್ದುಗುಂಡನ್ನಾಗಲಿ ತಯಾರಿಸುವಂತಿಲ್ಲ. ನಿಮ್ಮ ಕೈಯಲ್ಲಿರುವುದು ಬಂದೂಕನ್ನೂ ಅದರಲ್ಲಿ ನಮೂದಿಸಿದಷ್ಟು ಕಾಡತೂಸನ್ನೂ ಇಟ್ಟುಕೊಳ್ಳುವ ಪರವಾನಗಿ, ತಯಾರಿಸುವ ಪರವಾನಗಿಯಲ್ಲ. 2019ರ ತಿದ್ದುಪಡಿಯ ನಂತರ ಅಕ್ರಮ ತಯಾರಿಕೆಗೆ ಕನಿಷ್ಠ ಏಳು ವರ್ಷದಿಂದ ಜೀವಾವಧಿವರೆಗೆ ಶಿಕ್ಷೆ ಇದೆ. ಮದ್ದನ್ನು ಸಂಗ್ರಹಿಸಿದರೆ 1884ರ ಸ್ಫೋಟಕ ಕಾಯ್ದೆಯೂ ಬೆನ್ನು ಹತ್ತುತ್ತದೆ. ಹವ್ಯಾಸಕ್ಕೆಂದು ಮಾಡಿದೆ ಎಂಬ ಮಾತು ನ್ಯಾಯಾಲಯದಲ್ಲಿ ನಿಮ್ಮನ್ನು ಕಾಯುತ್ತದೆ ಎಂದು ನಂಬಿ ಕೂರಬೇಡಿ.

ಕೊಡಗಿನವರು ಪರವಾನಗಿ ಇಲ್ಲದೆ ಕೋವಿ ಇಟ್ಟುಕೊಳ್ಳುತ್ತಾರಲ್ಲ, ಮಲೆನಾಡಿನ ಹಿರಿಯರು ಕೇಪಿನ ಕೋವಿಗೆ ತಾವೇ ಮದ್ದು ತುಂಬುತ್ತಿದ್ದರಲ್ಲ ಎಂದು ಕೆಲವರು ಕೇಳುತ್ತಾರೆ. ಕೊಡವರಿಗೂ ಅಲ್ಲಿನ ಜಮ್ಮಾ (ಪಾರಂಪರಿಕ) ಭೂಮಿಯ ಹಿಡುವಳಿದಾರರಿಗೂ ಇರುವ ವಿನಾಯಿತಿ ಆ ನೆಲದ ಚರಿತ್ರೆಗೆ ಅಂಟಿಕೊಂಡದ್ದು. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು ಹತ್ತು ವರ್ಷಕ್ಕೆ ಮುಂದುವರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟು ಎತ್ತಿ ಹಿಡಿಯಿತು. ಕೈಲ್‌ಪೊಳ್ದು ಹಬ್ಬದಲ್ಲಿ ಪೂಜೆಗೊಳ್ಳುವ ಕೋವಿಗೆ ಸಂಬಂಧಿಸಿದ ಆ ಆದೇಶ ಬೆಳಗಾವಿ ಜಿಲ್ಲೆಯ ನಮಗೆ ಅನ್ವಯಿಸುವುದಿಲ್ಲ. ಕೇಪಿನ ಕೋವಿಯ ಹೋಲಿಕೆಯೂ ಇಲ್ಲಿ ನಿಲ್ಲದು. ಅದರಲ್ಲಿ ಉರಿಯುವುದು ಕರಿಮದ್ದು, ಆಧುನಿಕ ರೈಫಲಿನಲ್ಲಿ ಉರಿಯುವುದು ಹೊಗೆಯಿಲ್ಲದ ಮದ್ದು. ಇವೆರಡರ ಸ್ವಭಾವವೇ ಬೇರೆ. ಈಗಿನ ಪ್ರಬಲ ರೈಫಲ್ ಕಾಡತೂಸಿನೊಳಗೆ ಒತ್ತಡ 4,000 ಬಾರ್ ಹತ್ತಿರಕ್ಕೆ ಹೋಗುತ್ತದೆ. ನಿಮ್ಮ ಕಾರಿನ ಟಯರಿನಲ್ಲಿರುವುದು ಎರಡು ಬಾರಿಗೆ ಸ್ವಲ್ಪ ಹೆಚ್ಚು. ಹೊಗೆಯಿಲ್ಲದ ಮದ್ದಿನಲ್ಲಿ ಪ್ರಮಾಣ ತುಸು ಹೆಚ್ಚಾದರೂ, ಗುಂಡು ತುಸು ಆಳಕ್ಕೆ ಕೂತರೂ ಒತ್ತಡ ಅದೇ ಲೆಕ್ಕದಲ್ಲಿ ಏರದೆ ಒಮ್ಮೆಲೇ ಜಿಗಿಯುತ್ತದೆ. ಹೊರದೇಶದ ಹವ್ಯಾಸಿಯ ಹಿಂದೆ ಮದ್ದಿನ ಕಂಪನಿಗಳು ಪ್ರಯೋಗಾಲಯದಲ್ಲಿ ಒತ್ತಡ ಅಳೆದು ಮುದ್ರಿಸಿದ ಕೋಷ್ಟಕಗಳಿವೆ, ಡಬ್ಬಿಯ ಮೇಲೆ ಹೆಸರು ಬರೆದ ಮದ್ದಿದೆ. ಇವೆರಡೂ ಇಲ್ಲದೆ, ಯಾವುದೋ ಪಟಾಕಿಯಿಂದಲೋ ಕಲ್ಲು ಗಣಿಯಿಂದಲೋ ಬಂದ ಮದ್ದನ್ನು ಹಳೆಯ ಕೊಳವೆಗೆ ತುಂಬುವವನು ಪಣಕ್ಕಿಡುವುದು ತನ್ನ ಕಣ್ಣು ಮತ್ತು ಬೆರಳುಗಳನ್ನು.

ಹಾಗಾದರೆ ಕೈಯಿಂದ ತುಂಬದೆ ಗುರಿಕಾರನಾಗಲು ಸಾಧ್ಯವೇ ಎಂಬ ಆಕ್ಷೇಪಕ್ಕೆ ಉತ್ತರ ನಮ್ಮ ಗಡಿಯಾಚೆಯೇ ಇದೆ. ನಿಪ್ಪಾಣಿಯಿಂದ ಒಂದು ಗಂಟೆಯ ದಾರಿ ಕೊಲ್ಹಾಪುರ. ಅದೇ ಜಿಲ್ಲೆಯ ರಾಧಾನಗರಿ ತಾಲ್ಲೂಕಿನ ಸ್ವಪ್ನಿಲ್ ಕುಸಾಳೆ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 50 ಮೀಟರ್ ರೈಫಲ್ ಮೂರು ಭಂಗಿಗಳ ಸ್ಪರ್ಧೆಯಲ್ಲಿ ಕಂಚು ಗೆದ್ದರು. ಕೊಲ್ಹಾಪುರದವರೇ ಆದ ತೇಜಸ್ವಿನಿ ಸಾವಂತ್ 2010ರಲ್ಲಿ ಮ್ಯೂನಿಕ್‌ನಲ್ಲಿ 50 ಮೀಟರ್ ಪ್ರೋನ್ (ಮಲಗಿ ಹೊಡೆಯುವ) ವಿಭಾಗದ ವಿಶ್ವ ಚಾಂಪಿಯನ್ ಆದರು. ಇವರು ಹೊಡೆದದ್ದು .22 ರೈಫಲಿನಲ್ಲಿ, ಎನ್‌ಸಿಸಿ ಶಿಬಿರಗಳಲ್ಲಿ ನಮ್ಮ ಕಾಲೇಜು ಮಕ್ಕಳು ಹೊಡೆಯುವ ಅಳತೆಯ ಕಾಡತೂಸಿನಲ್ಲಿ. .22 ಕಾಡತೂಸಿನ ಕೇಪಿನ ಮದ್ದು ಕೊಳವೆಯ ಅಂಚಿನ ಮಡಿಕೆಯೊಳಗೇ ಇರುತ್ತದೆ, ಸುತ್ತಿಗೆ ಬಿದ್ದಾಗ ಆ ಅಂಚು ಜಜ್ಜಿ ಹೋಗುತ್ತದೆ. ಮತ್ತೆ ತುಂಬಿ ಬಳಸುವಂಥದ್ದಲ್ಲ. ಹಾಗಾಗಿ ಆ ಮಟ್ಟದ ಗುರಿಕಾರರು ಕಾರ್ಖಾನೆಯ ಬೇರೆ ಬೇರೆ ತಂಡದ (ಬ್ಯಾಚಿನ) ಕಾಡತೂಸುಗಳನ್ನು ತಮ್ಮ ನಳಿಕೆಯಲ್ಲಿ ಹೊಡೆದು ನೋಡಿ, ಒಪ್ಪಿದ ತಂಡವನ್ನೇ ಒಟ್ಟಿಗೆ ಕೊಳ್ಳುತ್ತಾರೆ. ಗಾಳಿಯ ಒತ್ತಡದಿಂದ ಪೆಲೆಟ್ ಎಂಬ ಸಣ್ಣ ಸೀಸದ ಗುಂಡು ಹಾರಿಸುವ 10 ಮೀಟರ್ ಏರ್ ರೈಫಲಿನಲ್ಲೂ ಕ್ರಮ ಇದೇ. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ದೇಶಕ್ಕೆ ಮೊದಲ ವೈಯಕ್ತಿಕ ಒಲಿಂಪಿಕ್ ಚಿನ್ನ ತಂದದ್ದು, 2023ರಲ್ಲಿ ಚಾಂಗ್‌ವಾನ್‌ನಲ್ಲಿ ಬೆಂಗಳೂರಿನ ತಿಲೋತ್ತಮಾ ಸೇನ್ ದೇಶಕ್ಕೆ ಒಲಿಂಪಿಕ್ ಕೋಟಾ ಗಳಿಸಿದ್ದು ಏರ್ ರೈಫಲಿನಲ್ಲಿ. ಇಂದು ಒಲಿಂಪಿಕ್ಸ್‌ನಲ್ಲಿರುವ ರೈಫಲ್ ಸ್ಪರ್ಧೆಗಳೆಲ್ಲ ಈ ಎರಡು ಬಗೆಯವೇ. ಅಂದರೆ ಒಲಿಂಪಿಕ್ಸ್‌ನ ರೈಫಲ್ ಸ್ಪರ್ಧೆಗಳಲ್ಲಿ ಯಾರೂ ಕಾಡತೂಸನ್ನು ಕೈಯಿಂದ ತುಂಬುತ್ತಿಲ್ಲ, ಎಲ್ಲರೂ ಆರಿಸುತ್ತಿದ್ದಾರೆ.

ಏರ್ ರೈಫಲ್ ನಮಗೆ ಒದಗುವುದಕ್ಕೆ ಕಾರಣ 2016ರ ಆಯುಧ ನಿಯಮಗಳು. ನಳಿಕೆ 4.5 ಮಿ.ಮೀ. ಅಂದರೆ .177 ಮೀರದೆ, ಪೆಲೆಟ್ ಹೊರಡುವಾಗಿನ ಶಕ್ತಿ 20 ಜೂಲ್ ಮೀರದೆ ಇದ್ದರೆ ಅಂಥ ಏರ್‌ಗನ್ನಿಗೆ ಪರವಾನಗಿ ಬೇಕಿಲ್ಲ. ಸ್ಪರ್ಧೆಯ ಏರ್ ರೈಫಲಿನ ಶಕ್ತಿ ಎಂಟು ಜೂಲ್ ಒಳಗೇ ಇರುತ್ತದೆ. ಬಿಲ್ಲು ಪಡೆದೇ ಕೊಳ್ಳಿ, ಗುರುತಿನ ಚೀಟಿಯ ಪ್ರತಿಯೊಂದಿಗೆ ಜೋಪಾನವಾಗಿಡಿ, ಯಾರಾದರೂ ಕೇಳಿದರೆ ಅದೇ ಉತ್ತರ.

ಈಗ ಪೆಲೆಟ್ ಆರಿಸುವುದರಿಂದ ನಿಜಕ್ಕೂ ವ್ಯತ್ಯಾಸವಾಗುತ್ತದೆಯೇ ಎಂಬ ಪ್ರಶ್ನೆ. ಲೆಕ್ಕ ಹಾಕಿ ನೋಡೋಣ. ಸ್ಪರ್ಧೆಯ ಪೆಲೆಟ್ ಸುಮಾರು 0.53 ಗ್ರಾಂ, ವೇಗ ಸೆಕೆಂಡಿಗೆ ಸುಮಾರು 170 ಮೀಟರ್. 10 ಮೀಟರ್ ದಾಟಲು ಬೇಕಾದ ಸಮಯ 0.06 ಸೆಕೆಂಡ್. ಅಷ್ಟರಲ್ಲಿ ಅದು ಭೂಮಿಯ ಸೆಳೆತಕ್ಕೆ 17–18 ಮಿ.ಮೀ. ಕೆಳಗಿಳಿಯುತ್ತದೆ. ಒಂದು ಪೆಲೆಟ್ ಇನ್ನೊಂದಕ್ಕಿಂತ ನೂರಕ್ಕೆ ಒಂದರಷ್ಟು, ಅಂದರೆ ಐದು ಮಿಲಿಗ್ರಾಂ ಭಾರವಿದೆ ಎನ್ನಿ. ಬಂದೂಕು ಕೊಡುವ ಶಕ್ತಿ ಅಷ್ಟೇ ಆದ್ದರಿಂದ ವೇಗ ನೂರಕ್ಕೆ ಅರ್ಧದಷ್ಟು ಇಳಿಯುತ್ತದೆ, ಇಳಿತ ನೂರಕ್ಕೆ ಒಂದರಷ್ಟು ಹೆಚ್ಚುತ್ತದೆ. ಅದು 0.18 ಮಿ.ಮೀ. ಗುರಿಹಾಳೆಯಲ್ಲಿ ಒಂದು ವೃತ್ತದಿಂದ ಇನ್ನೊಂದಕ್ಕೆ 2.5 ಮಿ.ಮೀ., ದಶಾಂಶ ಅಂಕದ ಲೆಕ್ಕದಲ್ಲಿ 0.1 ಅಂಕಕ್ಕೆ 0.25 ಮಿ.ಮೀ. ಹಾಗಾಗಿ ಐದು ಮಿಲಿಗ್ರಾಂ ತೂಕದ ವ್ಯತ್ಯಾಸ 0.1 ಅಂಕವನ್ನೂ ಕಸಿಯುವುದಿಲ್ಲ. ಪೆಲೆಟ್ ತೂಗುವುದೇ ದೊಡ್ಡ ವಿದ್ಯೆ ಎಂದು ಹೇಳುವವರ ಮಾತನ್ನು 10 ಮೀಟರ್ ದೂರದ ಮಟ್ಟಿಗೆ ಈ ಲೆಕ್ಕ ಒಪ್ಪುವುದಿಲ್ಲ. ದುರ್ಬಲ ಸ್ಪ್ರಿಂಗಿನಿಂದಲೋ ಸವೆದ ವಾಷರಿನಿಂದಲೋ ವೇಗ ಸೆಕೆಂಡಿಗೆ ಮೂರು ಮೀಟರ್ ಏರುಪೇರಾದರೆ ಮಾತ್ರ ಇಳಿತ 0.6 ಮಿ.ಮೀ. ಬದಲಾಗುತ್ತದೆ. ಅದು 0.2 ಅಂಕಕ್ಕಿಂತ ಹೆಚ್ಚು, ಗಮನಿಸಬೇಕಾದದ್ದೇ.

ಹೆಚ್ಚು ಕೆಡಿಸುವುದು ಪೆಲೆಟಿನ ಆಕಾರ. ನಡು ಸಣ್ಣಗಾದ ಈ ಸೀಸದ ಗುಂಡಿಗೆ ಮುಂದೆ ಚಪ್ಪಟೆ ತಲೆ, ಹಿಂದೆ ತೆಳು ಅಂಚಿನ ಟೊಳ್ಳು ಬಾಲ. ತಲೆ ನಳಿಕೆಯ ಒಳಗೀರುಗಳ ಮೇಲೆ ಸವಾರಿ ಮಾಡಿ ನೇರ ನಿಲ್ಲಿಸುತ್ತದೆ, ಬಾಲ ಗಾಳಿಯ ಒತ್ತಡಕ್ಕೆ ಹಿಗ್ಗಿ ನಳಿಕೆಯನ್ನು ಮುಚ್ಚುತ್ತದೆ. ತಲೆ ಸಡಿಲವಾದರೆ ಪೆಲೆಟ್ ಓರೆಯಾಗಿ ಸಾಗುತ್ತದೆ. ಬಾಲ ಒಂದು ಕಡೆ ನೆಗ್ಗಿದ್ದರೆ ಗಾಳಿ ಅಲ್ಲಿಂದಲೇ ಸೋರಿ, ಹೊರಬೀಳುವ ಗಳಿಗೆಯಲ್ಲಿ ಒಂದು ಪಕ್ಕಕ್ಕೆ ತಳ್ಳುತ್ತದೆ. ಇದರಿಂದ ಆಗುವ ದೋಷ ಯಾವ ದಿಕ್ಕಿಗೆ ಬೇಕಾದರೂ ಇರಬಹುದು, ತೂಕದ ದೋಷದ ಹಾಗೆ ಮೇಲೆ ಕೆಳಗೆ ಮಾತ್ರವಲ್ಲ. ಆದ್ದರಿಂದ ನಿಮ್ಮ ಸಮಯವನ್ನು ತಲೆಯ ಅಳತೆಗೂ ಬಾಲದ ಸ್ಥಿತಿಗೂ ಕೊಡಿ. ಕ್ರಮ ಹೀಗೆ:

1. ಒಂದೇ ಬ್ರಾಂಡಿನ ಚಪ್ಪಟೆ ತಲೆಯ ಪೆಲೆಟ್ 4.49, 4.50, 4.51 ಮಿ.ಮೀ. ತಲೆಯಳತೆಗಳಲ್ಲಿ ಸಿಗುತ್ತದೆ. ಡಬ್ಬಿಯ ಹಿಂಭಾಗದಲ್ಲಿ ಅಳತೆ ಮುದ್ರಿಸಿರುತ್ತಾರೆ. ಎರಡು ಮೂರು ಬ್ರಾಂಡು, ಪ್ರತಿಯೊಂದರಲ್ಲಿ ಎರಡು ಮೂರು ಅಳತೆ ತರಿಸಿ. ಗೆಳೆಯರು ಸೇರಿ ತರಿಸಿ ಹಂಚಿಕೊಂಡರೆ ಖರ್ಚು ತಗ್ಗುತ್ತದೆ. ಡಬ್ಬಿಯ ಮೇಲಿನ ತಂಡದ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ, ಮುಂದೆ ಅದೇ ಬೇಕಾಗುತ್ತದೆ.

2. ಬಿಳಿ ಕಾಗದ ಹಾಸಿದ ತಟ್ಟೆಯಲ್ಲಿ, ಒಳ್ಳೆಯ ಬೆಳಕಿನಲ್ಲಿ, ಪೆಲೆಟ್‌ಗಳನ್ನು ಬಾಲ ಮೇಲಾಗಿ ನಿಲ್ಲಿಸಿ. ಅಂಚು ಪೂರ್ಣ ವೃತ್ತವಾಗಿಲ್ಲದ್ದು, ಒಳಗೆ ಸೀಸದ ಚೂರು ಅಂಟಿದ್ದು, ತಲೆಯಲ್ಲಿ ಗೀರಿದ್ದು ಬೇರೆ ಡಬ್ಬಿಗೆ ಹೋಗಲಿ. ಅವು ಎಸೆಯುವಂಥವಲ್ಲ, ಭಂಗಿಯ ಅಭ್ಯಾಸಕ್ಕೆ ಆಗುತ್ತವೆ.

3. ತೂಕ ಮಾಡಲೇಬೇಕೆಂದರೆ 0.001 ಗ್ರಾಂ ತೋರಿಸುವ ತಕ್ಕಡಿಯೇ ಬೇಕು. 0.01 ಗ್ರಾಂ ತೋರಿಸುವ ಸಣ್ಣ ತಕ್ಕಡಿಗೆ ಐದು ಮಿಲಿಗ್ರಾಂ ಕಾಣುವುದೇ ಇಲ್ಲ. ಫ್ಯಾನ್ ನಿಲ್ಲಿಸಿ, ತಕ್ಕಡಿಯನ್ನು ತೂಕದ ಬಟ್ಟಿನಿಂದ ಸರಿಮಾಡಿಕೊಂಡು ತೂಗಿ. ಗುಂಪಿನಿಂದ ತೀರ ದೂರ ನಿಂತ ಒಂದೆರಡನ್ನು ತೆಗೆದರೆ ಸಾಕು. ಮಿಲಿಗ್ರಾಮಿಗೊಂದು ಡಬ್ಬಿ ಮಾಡುವುದು ವೃಥಾ ಶ್ರಮ.

4. ಗುರಿಹಾಳೆಯನ್ನು ನೆಲದಿಂದ 1.40 ಮೀಟರ್ ಎತ್ತರಕ್ಕೆ, ಸರಿಯಾಗಿ 10 ಮೀಟರ್ ದೂರದಲ್ಲಿ ಕಟ್ಟಿ. ಒತ್ತಿದ ಗಾಳಿಯ ರೈಫಲನ್ನು ಮರಳು ಚೀಲದ ಮೇಲಿಟ್ಟು ಹೊಡೆಯಬಹುದು. ಸ್ಪ್ರಿಂಗಿನ ಏರ್‌ಗನ್ ಹಾಗಲ್ಲ. ಪೆಲೆಟ್ ನಳಿಕೆ ಬಿಡುವ ಮೊದಲೇ ಅದು ಹಿಂದೆ ಮುಂದೆ ಕುಲುಕುವುದರಿಂದ ಗಟ್ಟಿ ಆಸರೆಯಲ್ಲಿ ಗುರಿ ಚದುರುತ್ತದೆ. ಅಂಗೈಯನ್ನು ಚೀಲದ ಮೇಲಿಟ್ಟು, ಅದರ ಮೇಲೆ ಬಂದೂಕನ್ನು ಬಿಗಿ ಹಿಡಿಯದೆ ಕೂರಿಸಿ, ಪ್ರತಿ ಬಾರಿಯೂ ಅದೇ ಜಾಗದಲ್ಲಿ.

5. ಹೊಸ ಪೆಲೆಟ್‌ಗೆ ಬದಲಾದಾಗ ಮೊದಲ ಹತ್ತು ಹದಿನೈದನ್ನು ಲೆಕ್ಕಕ್ಕೆ ಹಿಡಿಯಬೇಡಿ, ಹಿಂದಿನ ಪೆಲೆಟಿನ ಸೀಸದ ಲೇಪ ನಳಿಕೆಯಲ್ಲಿರುತ್ತದೆ. ಆಮೇಲೆ ಒಂದೊಂದು ಬಗೆಯಲ್ಲಿ ಐದೈದು ಹೊಡೆತದ ಐದು ಗುಂಪು ಹೊಡೆಯಿರಿ, ಪ್ರತಿ ಗುಂಪಿಗೂ ಹೊಸ ಹಾಳೆ. ಯಾವ ಬಗೆ ಎಂದು ನಿಮಗೆ ಗೊತ್ತಾಗದಂತೆ ಜೊತೆಗಾರರು ಒಂದೊಂದೇ ಪೆಲೆಟ್ ಕೊಟ್ಟರೆ ಉತ್ತಮ, ಇಷ್ಟದ ಬ್ರಾಂಡಿನತ್ತ ಮನಸ್ಸು ವಾಲುವುದಿಲ್ಲ.

6. ಪ್ರತಿ ಗುಂಪಿನ ಅತಿ ದೂರದ ಎರಡು ತೂತುಗಳ ನಡುವಿನ ಅಂತರ ಅಳೆದು ಐದರ ಸರಾಸರಿ ತೆಗೆಯಿರಿ. ಹೊರ ಅಂಚಿನಿಂದ ಹೊರ ಅಂಚಿಗೆ ಅಳೆದು 4.5 ಮಿ.ಮೀ. ಕಳೆದರೆ ಕೇಂದ್ರದಿಂದ ಕೇಂದ್ರಕ್ಕಿರುವ ಅಂತರ ಸಿಗುತ್ತದೆ. ಹೊಡೆತದ ಕೇಂದ್ರ ಗುರಿಯ ನಡುವಿನಿಂದ 2.5 ಮಿ.ಮೀ. ಒಳಗಿದ್ದರೆ ಹತ್ತು ಅಂಕ. ಆದ್ದರಿಂದ ಈ ಅಂತರ ಒಂದೆರಡು ಮಿ.ಮೀ. ಇದ್ದರೆ ಪೆಲೆಟಿನ ಮೇಲೆ ದೂರು ಹೇಳಲು ಉಳಿದಿರುವುದು ಬಹಳ ಕಡಿಮೆ.

7. ಒಪ್ಪಿದ ತಂಡದ ಸಂಖ್ಯೆಯ ಡಬ್ಬಿಗಳನ್ನು ವರ್ಷಕ್ಕಾಗುವಷ್ಟು ಒಟ್ಟಿಗೆ ಕೊಳ್ಳಿ. ಅದೇ ಬ್ರಾಂಡಿನ ಮುಂದಿನ ತಂಡ ಬೇರೆ ಅಚ್ಚಿನಿಂದ ಬಂದಿರಬಹುದು. ಅದನ್ನು ಹೊಸ ಪೆಲೆಟ್ ಎಂದೇ ತಿಳಿದು ಮತ್ತೆ ಪರೀಕ್ಷಿಸಿ.

ಎಡವುವುದು ಇಲ್ಲಿ

ಎಲ್ಲಕ್ಕಿಂತ ಹೆಚ್ಚಾಗಿ ಕಾಣುವ ತಪ್ಪು ಅತ್ಯುತ್ತಮ ಗುಂಪನ್ನು ನಂಬುವುದು. ಐದು ಹೊಡೆತ ಬಹಳ ಸಣ್ಣ ಸಂಖ್ಯೆ. ಒಂದೇ ಡಬ್ಬಿಯ ಪೆಲೆಟಿನಲ್ಲಿ ಹೊಡೆದ ಐದು ಗುಂಪುಗಳಲ್ಲಿ ಚಿಕ್ಕದು ದೊಡ್ಡದರ ಅರ್ಧದಷ್ಟಿರುವುದು ಸಾಮಾನ್ಯ, ಅದರಲ್ಲಿ ಪೆಲೆಟಿನ ಗುಣವೂ ಇಲ್ಲ, ನಿಮ್ಮ ಕೈಗುಣವೂ ಇಲ್ಲ. ಗೋಡೆಗೆ ಅಂಟಿಸಿಟ್ಟ ಆ ಒಂದು ಹಾಳೆಯನ್ನು ನೋಡಿ ನೂರಾರು ರೂಪಾಯಿ ಹೆಚ್ಚು ಕೊಟ್ಟು ಬ್ರಾಂಡು ಬದಲಿಸುವವರಿದ್ದಾರೆ. ಸರಾಸರಿಗಳ ನಡುವೆ ಸ್ಪಷ್ಟ ಅಂತರವಿದ್ದರೆ ಮಾತ್ರ ಒಂದನ್ನು ಮೇಲೆಂದು ಹೇಳಿ. ಅಂತರ ಕಡಿಮೆಯಿದ್ದರೆ ಅಗ್ಗದ್ದನ್ನು ಕೊಳ್ಳಿ. ಎರಡನೆಯ ತಪ್ಪು, ಒಂದೇ ಬಾರಿಗೆ ಹಲವನ್ನು ಬದಲಿಸುವುದು: ಪೆಲೆಟ್ ಬದಲಿಸಿ, ಸ್ಕ್ರೂ ಬಿಗಿಮಾಡಿ, ಕೂರುವ ಮೇಜನ್ನೂ ಸರಿಸಿದ ಮೇಲೆ ಗುರಿ ಸುಧಾರಿಸಿದರೆ ಕಾರಣ ಯಾವುದೆಂದು ಯಾರೂ ಹೇಳಲಾರರು.

ಮೂರನೆಯದು ಅಪಾಯಕಾರಿ. ವೇಗ ಹೆಚ್ಚಲೆಂದು ಸ್ಪ್ರಿಂಗ್ ಬಂದೂಕಿನ ಗಾಳಿತೂತಿಗೆ ಎಣ್ಣೆ ಬಿಡುವುದು, ಪೆಲೆಟಿನ ಬಾಲಕ್ಕೆ ಬೆಂಕಿಕಡ್ಡಿಯ ಮದ್ದು ತುಂಬುವುದು ಕೆಲವು ಹುಡುಗರ ಚಾಳಿ. ಒತ್ತಿದ ಗಾಳಿಯ ಬಿಸಿಗೆ ಎಣ್ಣೆ ಹೊತ್ತಿಕೊಂಡು ವಾಷರ್ ಸುಡುತ್ತದೆ, ಸ್ಪ್ರಿಂಗ್ ಮುರಿಯುತ್ತದೆ, ಪ್ರತಿ ಹೊಡೆತದ ವೇಗ ಬೇರೆ ಬೇರೆಯಾಗುತ್ತದೆ. ಸಮಾನತೆಗಾಗಿ ಶುರುಮಾಡಿದ ಕೆಲಸ ಅಲ್ಲಿಗೆ ಕೆಟ್ಟಿತು. ಮದ್ದು ಸೇರಿಸಿದರೆ ಪರವಾನಗಿ ಬೇಡದ ಗಾಳಿ ಬಂದೂಕು ಎಂಬ ರಕ್ಷಣೆಯನ್ನೂ ನೀವೇ ಕೈಬಿಟ್ಟಂತೆ. ಪೆಲೆಟ್ ಇಲ್ಲದೆ ಖಾಲಿ ಹೊಡೆಯುವುದೂ ಸ್ಪ್ರಿಂಗ್ ಬಂದೂಕಿಗೆ ಹಾನಿ, ಗಾಳಿಯ ತಡೆಯಿಲ್ಲದೆ ಪಿಸ್ಟನ್ ನೇರ ಲೋಹಕ್ಕೆ ಬಡಿಯುತ್ತದೆ.

ಎಚ್ಚರ ವಹಿಸಬೇಕಾದ ಸಂಗತಿಗಳು

ಪೆಲೆಟ್ ಸೀಸ. ಸೀಸ ಮೈಗೆ ಸೇರಿದರೆ ಮಕ್ಕಳ ಮಿದುಳಿಗೆ ವಿಶೇಷ ಹಾನಿ. ಪೆಲೆಟನ್ನು ಬಾಯಲ್ಲಿಟ್ಟುಕೊಂಡು ಒಂದೊಂದೇ ತೆಗೆಯುವ ಅಭ್ಯಾಸವಿದ್ದರೆ ಇವತ್ತೇ ಬಿಡಿ. ಹೊಡೆಯುವಾಗ, ಆರಿಸುವಾಗ ಏನನ್ನೂ ತಿನ್ನಬೇಡಿ, ಮುಗಿದ ಮೇಲೆ ಸಾಬೂನಿನಿಂದ ಕೈ ತೊಳೆಯಿರಿ, ನೆಲವನ್ನು ಕಸಬರಿಗೆಯಿಂದ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಿ. ಹೊಡೆದ ಸೀಸವನ್ನು ಕರಗಿಸಿ ಮತ್ತೆ ಅಚ್ಚು ಹಾಕುವ ಯೋಚನೆ ಬೇಡ. 327 ಡಿಗ್ರಿಗೆ ಕರಗುವ ಲೋಹವಾದ್ದರಿಂದ ಅಡುಗೆ ಒಲೆಯಲ್ಲೇ ಆಗುತ್ತದೆ ಎನ್ನಿಸುತ್ತದೆ, ಆದರೆ ಆ ಹೊಗೆ ಮತ್ತು ಧೂಳು ಅಡುಗೆಮನೆಗೇ ಇಳಿಯುತ್ತವೆ. ಬೇರೆ ಡಬ್ಬಿಯಲ್ಲಿ ಕೂಡಿಟ್ಟು ಗುಜರಿಯವರಿಗೆ ಸೀಸವೆಂದು ಹೇಳಿಯೇ ಕೊಡಿ.

ಗುರಿಯ ಹಿಂದೆ ತಡೆ ಇಲ್ಲದೆ ಒಂದು ಪೆಲೆಟನ್ನೂ ಹೊಡೆಯಬೇಡಿ. ಹಳೆಯ ಬಟ್ಟೆಯನ್ನು ಒತ್ತಾಗಿ ತುಂಬಿದ ಮರದ ಪೆಟ್ಟಿಗೆ, ಅದರ ಹಿಂದೆ ಕಬ್ಬಿಣದ ತಗಡು, ಅದರ ಹಿಂದೆ ಕಿಟಕಿ ಬಾಗಿಲಿಲ್ಲದ ಗೋಡೆ ಇರಲಿ. ಬರೀ ಕಲ್ಲಿನ ಗೋಡೆಗೆ ಹೊಡೆದರೆ ಪೆಲೆಟ್ ಹಿಂದಿರುಗಿ ಕಣ್ಣಿಗೆ ಬೀಳಬಹುದು, ಹಾಗಾಗಿ ಹೊಡೆಯುವವರಿಗೂ ನೋಡುವವರಿಗೂ ಕನ್ನಡಕ ಬೇಕು. ಹೊಲದಲ್ಲಿ, ಮಾಳಿಗೆಯ ಮೇಲೆ ಬಯಲಿಗೆ ಹೊಡೆದ ಪೆಲೆಟ್ ನೂರಾರು ಮೀಟರ್ ಹೋಗುತ್ತದೆ. ಕಾಡುಪ್ರಾಣಿ, ಹಕ್ಕಿಗಳ ಮೇಲೆ ಏರ್‌ಗನ್ ಎತ್ತುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಬೇಟೆಯೇ. ಕಬ್ಬಿಗೆ ಹಂದಿ ಬಂದರೆ ಅರಣ್ಯ ಇಲಾಖೆಗೆ ಅರ್ಜಿ ಕೊಡಿ. 4.5 ಮಿ.ಮೀ. ಪೆಲೆಟಿನಿಂದ ಹಂದಿ ಓಡುವುದಿಲ್ಲ, ಗಾಯಗೊಂಡು ಹೊಲದಲ್ಲೇ ಉಳಿಯುತ್ತದೆ.

ಪರವಾನಗಿ ಬಂದೂಕು ಇರುವವರಿಗೆ ಇನ್ನೊಂದು ಮಾತು. ಹೊಡೆದ ಕಾಡತೂಸಿನ ಕೊಳವೆಗಳನ್ನು ಮತ್ತೆ ತುಂಬಿಕೊಡುತ್ತೇನೆ ಎಂದು ಬರುವವರ ಕೈಗೆ ಕೊಡಬೇಡಿ. ಹಿರಿಯರು ತೀರಿಕೊಂಡ ಮನೆಯಲ್ಲಿ ಹಳೆಯ ಕಾಡತೂಸು ಉಳಿದಿದ್ದರೆ ಅವನ್ನು ಬಂದೂಕಿನೊಂದಿಗೆ ಪೊಲೀಸ್ ಠಾಣೆಗೋ ಪರವಾನಗಿ ಇರುವ ವ್ಯಾಪಾರಿಗೋ ಒಪ್ಪಿಸಿ ರಸೀದಿ ಪಡೆಯಿರಿ, ಬಿಚ್ಚಿ ಮದ್ದು ತೆಗೆಯಲು ಹೋಗಬೇಡಿ.

ಇಷ್ಟೆಲ್ಲ ಮಾಡಿಯೂ ಪೆಲೆಟಿನಿಂದ ಸಿಗುವುದು ಎಷ್ಟು ಎಂದು ಕೇಳುವವರಿಗೆ ಮೇಲಿನ ಲೆಕ್ಕವೇ ಉತ್ತರ. ಕೆಟ್ಟ ಪೆಲೆಟ್ ಒಳ್ಳೆಯ ಗುರಿಕಾರನ ಅಂಕ ಕಸಿಯುತ್ತದೆ, ಒಳ್ಳೆಯ ಪೆಲೆಟ್ ಕೆಟ್ಟ ಭಂಗಿಯನ್ನು ಸರಿಪಡಿಸುವುದಿಲ್ಲ. ಆಸರೆಯ ಮೇಲೆ ಎರಡು ಮಿ.ಮೀ. ಗುಂಪು ಬರುತ್ತಿದ್ದು, ನಿಂತು ಹೊಡೆದಾಗ ಮೂವತ್ತು ಮಿ.ಮೀ. ಚದುರುತ್ತಿದ್ದರೆ ಉಳಿದ ಇಪ್ಪತ್ತೆಂಟು ನಿಮ್ಮ ಕಾಲು, ಭುಜ, ಉಸಿರು, ಬೆರಳಿನದು. ಅಂಥವರು ಡಬ್ಬಿ ಬದಲಿಸುವುದನ್ನು ನಿಲ್ಲಿಸಿ, ಬೆಂಗಳೂರಿನ ಕರ್ನಾಟಕ ರಾಜ್ಯ ರೈಫಲ್ ಸಂಸ್ಥೆಯನ್ನೋ, ಹತ್ತಿರದ ಕಾಲೇಜಿನ ಎನ್‌ಸಿಸಿ ಘಟಕವನ್ನೋ, ಕೊಲ್ಹಾಪುರದ ತರಬೇತುದಾರರನ್ನೋ ವಿಚಾರಿಸಿ ಭಂಗಿ ಕಲಿಯಲಿ. ಹೊಸದಾಗಿ ಶುರುಮಾಡುವವರು ಮೊದಲು ಪೆಟ್ಟಿಗೆಯ ತಡೆ ಮತ್ತು ಕನ್ನಡಕಕ್ಕೆ ಹಣ ತೆಗೆದಿಡಲಿ, ರೈಫಲನ್ನು ಆಮೇಲೆ ಕೊಳ್ಳಲಿ.